ಮೂವತ್ತೊಂದನೆಯ ಹೆಸರು

ಕಂಪ್ಯೂಟರಿನ ಎದುರು ಕೂತಾಗಲೂ, ಒಂದು ಸಾಲು ಮುಗಿದ ಕೂಡಲೇ ಅವರ ಎಡಗೈ ತನ್ನಷ್ಟಕ್ಕೆ ಮೇಲೆದ್ದು ಗಾಳಿಯಲ್ಲಿ ಏನನ್ನೋ ಬಲಕ್ಕೆ ದೂಡುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಟೈಪ್‌ರೈಟರಿನ ಕ್ಯಾರೇಜನ್ನು ದೂಡಿದ ಕೈ ಅದು. ಯಂತ್ರ ಬದಲಾದದ್ದು ತಲೆಗೆ ಗೊತ್ತಾಗಿತ್ತು, ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಸಾಲಿನ ಕೊನೆಯ ಗಂಟೆಯ ಸದ್ದನ್ನು ಕ್ಲಾಸಿನ ಹುಡುಗಿಯರು ತಾವೇ ಬಾಯಲ್ಲಿ ಪೂರೈಸುತ್ತಿದ್ದರು. ಹಾಗಾಗಿ ಬೆನ್ನ ಹಿಂದೆ ಅವರಿಗೆ 'ಟಿಂಗ್ ಮಾಷ್' ಎಂದು ಹೆಸರು; ನಮ್ಮ ಕಡೆ ಮೇಷ್ಟ್ರಿಗೆ ಮಾಷ್ ಎನ್ನುವುದು.

ಅವರು ತೀರಿಕೊಂಡ ಸುದ್ದಿಯನ್ನು ಕಳೆದ ವಾರ ನನ್ನ ಹಳೆಯ ಸಹೋದ್ಯೋಗಿಯೊಬ್ಬಳು ಫೋನಿನಲ್ಲಿ ಹೇಳಿದಳು. ಮಾರ್ಕೆಟಿಗೆ ಹೋಗುವ ದಾರಿಯಲ್ಲಿದ್ದಳು, ಹಿಂದಿನಿಂದ ಬಸ್ಸಿನ ಹಾರ್ನು, ಎರಡು ಮಾತಿನಲ್ಲಿ ಮುಗಿಸಿದಳು. ನಾನು ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋದೆ, ಯಾಕೆ ಹೋದೆ ಎಂದು ಮರೆತು ವಾಪಸ್ ಬಂದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಶಾಲೆಯ ಮ್ಯಾಗಝಿನ್‌ನಲ್ಲೂ ಫೋಟೋದ ಕೆಳಗೆ 'ಕಂಪ್ಯೂಟರ್ ಇನ್‌ಸ್ಟ್ರಕ್ಟರ್' ಎಂದಷ್ಟೇ ಹಾಕಿಸಿದ್ದರು.

ಕಾಸರಗೋಡಿನ ಹಳೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ವಿದ್ಯಾನಗರದ ಸರಕಾರಿ ಆಫೀಸುಗಳಲ್ಲಿ ಕೂತಿದ್ದ ಒಂದು ತಲೆಮಾರಿನ ಗುಮಾಸ್ತರಲ್ಲಿ ಎಷ್ಟೋ ಮಂದಿ ಆ ಮರದ ಮೆಟ್ಟಿಲು ಹತ್ತಿದವರೇ. ಎರಡು ಸಾವಿರದ ಇಸವಿ ದಾಟುವಾಗ ಕಲಿಯಲಿಕ್ಕೆ ಯಾರೂ ಬಾರದ ಹಾಗಾಯಿತು. ಅವರು ಮಿಶಿನುಗಳನ್ನು ಮಾರಿ, ತಲೆ ನರೆತ ಮೇಲೆ, ಮೀಸೆ ಮೂಡದ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತರು. ಆಮೇಲೆ ನಮ್ಮ ಶಾಲೆಗೆ ಬಂದರು. ಸಿಸ್ಟರ್‌ಗಳು ನಡೆಸುತ್ತಿದ್ದ ಹುಡುಗಿಯರ ಹೈಸ್ಕೂಲು. ನಾನು ಅಲ್ಲಿ ಹೆಡ್‌ಮಿಸ್ಟ್ರೆಸ್.

ಟು ಬಿ ಫ್ರ್ಯಾಂಕ್, ಮೊದಲಿಗೆ ನನಗೆ ಅವರು ಹಿಡಿಸಲಿಲ್ಲ. ನಾನು ಮಂಗಳೂರಿನಲ್ಲಿ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು. 'ಗುಡ್ ಮಾರ್ನಿಂಗ್'ಗೆ 'ಗುಡ್ ಮಾರ್ನಿಂಗ್' ವಾಪಸ್ ಬರಬೇಕು ನನಗೆ. ಇವರು 'ಹ್ಞಾ ಟೀಚರ್' ಎಂದು ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು, ಒಂದು ಟವೆಲಿನಿಂದ ಎಂಟು ಕೀಬೋರ್ಡುಗಳನ್ನೂ ಒರೆಸಿಯೇ ಕ್ಲಾಸು ಶುರು.

"ಮಾಷೇ, ಈ ಲೆಟರ್ ಸ್ವಲ್ಪ ಅರ್ಜೆಂಟ್," ಎಂದರೆ,

"ಅರ್ಜೆಂಟಿಗೆ ಬೇರೆ ಕೀ ಇಲ್ಲ ಟೀಚರ್," ಎನ್ನುವರು. ನಗು ಇಲ್ಲ, ಸಿಟ್ಟೂ ಇಲ್ಲ.

ಆದರೆ ಆಫೀಸಿನ ಹಳೆಯ ಟೈಪ್‌ರೈಟರಿನಿಂದ ಲೆಟರ್ ಬಂದಾಗ ಪರ್ಫೆಕ್ಟ್. ಒಂದು ಅಕ್ಷರ ತಪ್ಪಿದರೂ ಬಿಳಿ ಬಣ್ಣ ಹಚ್ಚಿ ತಿದ್ದುವ ಪದ್ಧತಿ ಅವರಲ್ಲಿ ಇರಲಿಲ್ಲ. ಹಾಳೆಯನ್ನೇ ಎಳೆದು ತೆಗೆದು ಹೊಸತು ಹಾಕುವುದು. ಟೈಪಿಂಗ್ ಪರೀಕ್ಷೆಯಲ್ಲಿ ಉಜ್ಜಿದ ಗುರುತು ಕಂಡರೆ ಮಾರ್ಕು ಹೋಗುತ್ತಿತ್ತಂತೆ. "ತಪ್ಪಿದ್ದು ಒಂದು ಕಡೆ ಕಾಣ್ತದೆ, ಅದನ್ನು ಮುಚ್ಚಿದ್ರೆ ಮತ್ತೊಂದು ಕಡೆ ಉಳೀತದೆ," ಎನ್ನುತ್ತಿದ್ದರು. ಆಗ ನಾನು ಇದನ್ನು ಮುದುಕರ ಹಠ ಎಂದುಕೊಂಡಿದ್ದೆ. ಈಗ ನನಗೇ ಎಪ್ಪತ್ತು ದಾಟಿದೆ.

ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದಕ್ಕೆ ಅವರು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದರು. ನಾವು ಟೀಚರ್‌ಗಳಿಗೆಲ್ಲ ಒಂದು ದೋಷ ಉಂಟು: ಮುಂದಿನ ಬೆಂಚಿನ ಮುಖಗಳನ್ನೇ ಕೇಳುತ್ತೇವೆ. ಅವರು ಹಾಜರಿ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು ಒಂದು ಕೀ ಒತ್ತುತ್ತಿದ್ದರು. ಪರದೆಯ ಮೇಲೆ ಯಾವುದಾದರೂ ಒಂದು ಹೆಸರು ಬರುತ್ತಿತ್ತು. ಬಂದವಳು ಎದ್ದು ನಿಲ್ಲಬೇಕು. ಅದಕ್ಕೆ ಅವರು ಇಟ್ಟ ಹೆಸರು 'ಯಾರಾದ್ರೂ ಒಬ್ಬರು'.

"ಸರ್, ನಿನ್ನೆಯೂ ನನ್ನನ್ನೇ ಕೇಳಿದ್ರಿ!" ಎಂದು ಒಬ್ಬಳು ಅಳುಮುಖ ಮಾಡಿದಳು. ನಾನು ಆಗ ಬಾಗಿಲಲ್ಲಿದ್ದೆ.

"ನಾನಲ್ಲ, ಅದು ಕೇಳಿದ್ದು. ಅದಕ್ಕೆ ನಿನ್ನೆ ಅಂತ ಒಂದು ಇಲ್ಲ ಮಗಾ."

ಈ ಮಾತು ನನಗೆ ಬಹಳ ಇಷ್ಟವಾಯಿತು. ಮುಂದಿನ ಎಲ್ಲ ಕಷ್ಟಕ್ಕೂ ಕಾರಣ ನಾನೇ ಎಂದು ಹೇಳಬೇಕಾದರೆ, ಈ ಇಷ್ಟದಿಂದಲೇ ಶುರು ಮಾಡಬೇಕು.

ನಮ್ಮ ಹಾಸ್ಟೆಲಿನಲ್ಲಿ ಪ್ರತಿವರ್ಷ ಎಂಟನೇ ಕ್ಲಾಸಿಗೆ ಒಂದೇ ಒಂದು ಹಾಸಿಗೆ ಪೂರ್ತಿ ಫ್ರೀ. ಪೆರ್ಲದಿಂದಲೂ ಒಳಗೆ, ಕರ್ನಾಟಕದ ಗಡಿಯ ಕಡೆ, ಏಳನೇ ಕ್ಲಾಸಿನವರೆಗೆ ಮಾತ್ರ ಶಾಲೆ ಇರುವ ಮೂಲೆಗಳಿದ್ದವು. ಅಲ್ಲಿಂದ ಹೈಸ್ಕೂಲಿಗೆ ಗುಡ್ಡ ಹತ್ತಿ ಇಳಿದು ಹೋಗಬೇಕು. ಹುಡುಗರು ಹೋಗುತ್ತಿದ್ದರು. ಹುಡುಗಿಯರ ಓದು ಏಳಕ್ಕೇ ನಿಲ್ಲುತ್ತಿತ್ತು. ಆ ಒಂದು ಹಾಸಿಗೆ ಸಿಕ್ಕಿದ ಹುಡುಗಿಗೆ ಹತ್ತನೆಯವರೆಗೆ ದಾರಿ ಆಯಿತು. ಸಿಗದವಳು ಮನೆಯಲ್ಲಿ ಬೀಡಿ ಕಟ್ಟುವುದು. ಇಷ್ಟು ಸ್ಪಷ್ಟ.

ಮೊದಲು ಬಿಸ್ಕೆಟಿನ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತುತ್ತಿದ್ದೆವು. ಒಂದು ವರ್ಷ ಯಾರೋ ಒಬ್ಬರು, ಸಿಸ್ಟರ್ ಗುರುತು ಮಾಡಿದ ಚೀಟಿಯನ್ನೇ ಎತ್ತಿದ್ದು ಎಂದು ಎಲ್ಲರೆದುರು ಕೂಗಿದರು. ಸಿಸ್ಟರ್ ಎರಡು ದಿನ ಊಟ ಬಿಟ್ಟರು. ಹಾಗಾಗಿ ಮರುವರ್ಷದ ಜೂನ್‌ನಲ್ಲಿ ನಾನೇ ಹೇಳಿದೆ, "ಮಾಷೇ, ಈ ಸಲ ನಿಮ್ಮ 'ಯಾರಾದ್ರೂ ಒಬ್ಬರು' ಆರಿಸಲಿ. ಅದಕ್ಕೆ ಮುಖ ನೋಡ್ಲಿಕ್ಕೆ ಗೊತ್ತಿಲ್ಲವಲ್ಲ."

"ಒಮ್ಮೆ ನೋಡುವ," ಎಂದರು ಅವರು.

ಮೂವತ್ತೊಂದು ಅರ್ಜಿ. ಬಂದ ಕ್ರಮದಲ್ಲಿ ಪಟ್ಟಿ. ಮೂವತ್ತೊಂದನೆಯದು ಕೊನೆಯ ದಿನ ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಂದದ್ದು. ತಾಯಿ ಕಂಪೆನಿಯ ಬೀಡಿ ಬ್ರ್ಯಾಂಚಿಗೆ ಕಟ್ಟಿದ ಬೀಡಿ ಕೊಟ್ಟು, ಅಲ್ಲಿಂದ ಬಸ್ಸು ಹಿಡಿದು, ಗೇಟಿನಿಂದ ಓಡಿಕೊಂಡೇ ಬಂದಿದ್ದರು. ಸೆರಗಿನಲ್ಲಿ ಹೊಗೆಸೊಪ್ಪಿನ ವಾಸನೆ. "ಆಯ್ತಾ ಟೀಚರೇ? ಮುಚ್ಚಿದ್ರಾ?" ಎಂದು ಕೇಳಿದ್ದು ನೆನಪುಂಟು. "ನಿಮ್ಮದು ಲಾಸ್ಟ್," ಎಂದು ನಾನು ನಗುತ್ತಲೇ ತೆಗೆದುಕೊಂಡೆ.

ಶನಿವಾರ ಹಾಲಿನಲ್ಲಿ ಎಲ್ಲರೆದುರು ಮಾಷ್ ಕೀ ಒತ್ತಿದರು. ಒಂದು ಹೆಸರು ಬಂತು. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವ ಒಬ್ಬರ ಮಗಳು. ಆ ಅಪ್ಪ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟರು. ಮುಂದಿನ ಶನಿವಾರ ಮಗಳನ್ನು ಸೇರಿಸುವುದೆಂದು ಹೇಳಿ ಕಳಿಸಿದೆವು. ಗಲಾಟೆ ಇಲ್ಲ, ಕೂಗು ಇಲ್ಲ. ನಾನು ಕಾನ್ವೆಂಟಿನ ಹಿರಿಯ ಸಿಸ್ಟರ್ ಆದ ಮದರ್‌ಗೆ ಹೆಮ್ಮೆಯಿಂದ ಹೇಳಿದೆ, "ವೆರಿ ಸ್ಮೂತ್."

ಸೋಮವಾರ ಎರಡನೇ ಪೀರಿಯಡ್ ಮುಗಿದಾಗ ಮಾಷ್ ನನ್ನ ರೂಮಿಗೆ ಬಂದರು. ಬರಿಗಾಲು. ಲ್ಯಾಬಿನಿಂದ ಚಪ್ಪಲಿ ಹಾಕದೆಯೇ ಬಂದಿದ್ದರು.

"ಟೀಚರ್, ಬಾಗಿಲು ಹಾಕ್ಲಾ?"

ಹತ್ತನೇ ಕ್ಲಾಸಿನ ಪಟ್ಟಿಯಲ್ಲಿ ಕೊನೆಯ ನಂಬರಿನ ಹುಡುಗಿ ಅವತ್ತು ಪುಸ್ತಕವನ್ನೇ ತಂದಿರಲಿಲ್ಲವಂತೆ. ಯಾಕೆ ಎಂದು ಗದರಿದ್ದಕ್ಕೆ, "ಅದು ನನ್ನನ್ನು ಕೇಳುದಿಲ್ಲ ಸರ್," ಎಂದಳಂತೆ. ಹೋದ ವರ್ಷ ಒಂಬತ್ತರಲ್ಲೂ ಅವಳದ್ದೇ ಕೊನೆಯ ನಂಬರು, ವರ್ಷವಿಡೀ ಅದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಗುಟ್ಟು ಬಿಡದೆ ಆರಾಮವಾಗಿ ಕೂತಿದ್ದಳು, ಕಳ್ಳಿ.

"ಅದಕ್ಕೂ ಹಾಸ್ಟೆಲಿಗೂ ಎಂತ?" ಎಂದೆ.

ಅವರು ನನ್ನ ಮೇಜಿನ ಮೇಲಿನ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಅವರು ಯಾವ ಪಟ್ಟಿ ಟೈಪ್ ಮಾಡಿದರೂ ಮೊದಲ ಸಾಲಿನಲ್ಲಿ ಹೆಡ್ಡಿಂಗ್ ಇರಬೇಕು. ಅದು ಇನ್‌ಸ್ಟಿಟ್ಯೂಟಿನ ಶಿಸ್ತು. ಕಂಪ್ಯೂಟರ್ ಎಣಿಸುವುದು ಒಂದರಿಂದ ಅಲ್ಲ, ಸೊನ್ನೆಯಿಂದ. ಮೂವತ್ತೊಂದರಲ್ಲಿ ಒಂದನ್ನು ಆರಿಸು ಎಂದರೆ ಅದು ಸೊನ್ನೆಯಿಂದ ಮೂವತ್ತರವರೆಗೆ ಮಾತ್ರ ಆರಿಸುತ್ತದೆ. ಸೊನ್ನೆಯ ಜಾಗದಲ್ಲಿ ಕೂತದ್ದು ಹೆಡ್ಡಿಂಗ್. ಪ್ರೋಗ್ರಾಂ ಬರೆದ ಹೊಸತರಲ್ಲಿ ಒಂದೆರಡು ಸಲ ಹುಡುಗಿಯ ಹೆಸರಿನ ಬದಲು ಹೆಡ್ಡಿಂಗೇ ಬಂದಿತ್ತಂತೆ. ಕ್ಲಾಸು ನಕ್ಕಿತು. ಆಗ ಇವರು, ಹೆಡ್ಡಿಂಗ್ ಬಂದರೆ ಅದನ್ನು ಬಿಟ್ಟು ಮತ್ತೊಮ್ಮೆ ಆರಿಸು ಎಂದು ಒಂದು ಸಾಲು ಸೇರಿಸಿದರು. ಅಲ್ಲಿಗೆ ಸರಿಯಾಯಿತು ಎಂದುಕೊಂಡರು.

"ಮೇಲಿನ ತುದಿ ಮಾತ್ರ ನೋಡಿದೆ ಟೀಚರ್. ಕೆಳಗಿನ ತುದಿ ನೋಡ್ಲಿಲ್ಲ. ಮೂವತ್ತೊಂದನೇದು ಬರ್ಲಿಕ್ಕೇ ಇಲ್ಲ. ಸಾವಿರ ಸಲ ಒತ್ತಿದ್ರೂ ಬರುದಿಲ್ಲ."

ನನಗೆ ಹೊಗೆಸೊಪ್ಪಿನ ವಾಸನೆ ನೆನಪಾಯಿತು.

"ಬಿಳಿ ಬಣ್ಣ ಹಚ್ಚಿದ್ದು ನಾನೇ," ಎಂದರು. "ಹೊಸ ಹಾಳೆ ಹಾಕ್ಬೇಕಿತ್ತು."

ನಾನು ಆಗ ಹೇಳಿದ ಮಾತನ್ನು ಇಲ್ಲಿ ಬರೆಯದೆ ಬಿಡಬಹುದು. ಕೇಳಿದವರು ಅವರೊಬ್ಬರೇ, ಅವರು ಈಗ ಇಲ್ಲ. ನಾನು ಹೇಳಿದ್ದು: "ಯಾರಿಗೆ ಗೊತ್ತುಂಟು ಮಾಷೇ? ನಿಮಗೆ ಮತ್ತು ನನಗೆ. ಹೇಗಿದ್ರೂ ಒಬ್ಬಳಿಗೆ ತಾನೇ ಸಿಗುದು. ಪ್ಲೀಸ್, ಲೀವ್ ಇಟ್."

ಅವರು ಪೆನ್ನು ಕೆಳಗಿಟ್ಟರು.

"ಇಲ್ಲ ಟೀಚರ್. ಅದು ಲಾಟರಿ ಆಗ್ಲಿಲ್ಲ. ಮೂವತ್ತು ಜನಕ್ಕೆ ಲಾಟರಿ, ಒಬ್ಬಳಿಗೆ ನಾಟಕ."

"ಹಾಗಾದ್ರೆ ಅವಳಿಗೂ ಒಂದು ಹಾಸಿಗೆ ಕೊಡಿಸುವ. ನಾನು ಮದರ್ ಹತ್ರ ಮಾತಾಡ್ತೇನೆ."

"ಕೊಟ್ರೆ ಒಳ್ಳೇದೇ. ಆದ್ರೆ ಅವಳಿಗೆ ನಾವು ಕೊಡ್ಲಿಕ್ಕೆ ಬಾಕಿ ಇರುದು ಹಾಸಿಗೆ ಅಲ್ಲ, ಚಾನ್ಸು. ಉಳಿದವರು ಬಂದು, ಅವಳಿಗೆ ಯಾಕೆ, ನಮಗೆ ಯಾಕಿಲ್ಲ ಅಂದ್ರೆ ಎಂತ ಹೇಳ್ತೀರಿ?"

ಮದರ್ ಹತ್ತಿರ ಹೋದೆ. ಹಾಸ್ಟೆಲಿನಲ್ಲಿ ಇನ್ನೊಂದು ಮಂಚಕ್ಕೆ ಜಾಗ ಇಲ್ಲ ಎಂದರು. ನಿಜಕ್ಕೂ ಇರಲಿಲ್ಲ, ಮಕ್ಕಳು ಆಗಲೇ ವರಾಂಡದಲ್ಲಿ ಮಲಗುತ್ತಿದ್ದರು. "ಯುವರ್ ಕಂಪ್ಯೂಟರ್, ಯುವರ್ ಪ್ರಾಬ್ಲೆಮ್. ನೀವಿಬ್ಬರೇ ಬಿಡಿಸಿ," ಎಂದು ಜಪಮಾಲೆ ತೆಗೆದುಕೊಂಡು ಎದ್ದರು.

ಅದೇ ಮಧ್ಯಾಹ್ನ ಮಾಷ್ ಮೂವತ್ತೊಂದು ಪೋಸ್ಟ್ ಕಾರ್ಡ್ ಬರೆದರು. ಕೈಯಲ್ಲಿಯೇ ಬರೆದರು. 'ಆಯ್ಕೆಯಲ್ಲಿ ನನ್ನಿಂದ ತಪ್ಪಾಗಿದೆ. ಕೊನೆಯ ಹೆಸರು ಸೇರಿರಲಿಲ್ಲ. ಶನಿವಾರ ಹನ್ನೊಂದಕ್ಕೆ ಎಲ್ಲರ ಹೆಸರೂ ಸೇರಿಸಿ ಪುನಃ ಆರಿಸುತ್ತೇವೆ.' 'ನನ್ನಿಂದ' ಎಂಬಲ್ಲಿ 'ನಮ್ಮಿಂದ' ಎಂದು ಹಾಕಿ ಎಂದೆ. ಕೇಳಲಿಲ್ಲ.

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಗೇಟಿನ ಸದ್ದಾದರೆ ಕಿಟಕಿಗೆ ಹೋಗಿ ನೋಡುತ್ತಿದ್ದೆ. ಗುರುವಾರ ಆ ಕಲ್ಲುಕೋರೆಯ ಅಪ್ಪ ಬಂದರು, ಕಾರ್ಡನ್ನು ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡು. ನೇರ ಲ್ಯಾಬಿಗೆ ಹೋದರು. ನಾನು ಓಡಿಕೊಂಡು ಹಿಂದೆ.

"ಇದು ಎಂತ ಮಾಷ್ಟ್ರೇ? ಕೊಟ್ಟದ್ದನ್ನು ತೆಗೀತೀರಾ? ಮಗುವಿಗೆ ಟ್ರಂಕು ತಕೊಂಡಾಯ್ತು. ಅವಳ ಅಜ್ಜಿ ಊರಿಡೀ ಹೇಳಿ ಆಯ್ತು."

"ತಪ್ಪು ನನ್ನದು."

"ನಿಮ್ಮ ತಪ್ಪಿಗೆ ನನ್ನ ಮಗಳ ಹಾಸಿಗೆಯಾ?"

ಮಾಷ್ ಎದ್ದು ನಿಂತರು. ಅವರಿಗೆ ಎರಡು ಮಾತು ಸಮಾಧಾನ ಹೇಳಲಿಕ್ಕೆ ಬರುತ್ತಿರಲಿಲ್ಲ. ಅದು ಅವರ ದೊಡ್ಡ ಕೊರತೆ. ಆ ಮನುಷ್ಯ ಹೊಡೆಯುತ್ತಾರೆ ಎಂದೇ ನಾನು ಹೆದರಿದ್ದೆ. ಹೊಡೆಯಲಿಲ್ಲ. ಬಾಗಿಲಲ್ಲಿ ನಿಂತು, "ಶನಿವಾರ ಟ್ರಂಕು ಹಿಡ್ಕೊಂಡೇ ಬರ್ತೇನೆ," ಎಂದು ಹೋದರು.

ಶನಿವಾರ ಹಾಲಿಗೆ ಬಂದವರು ಹತ್ತು ಹನ್ನೆರಡು ಮಂದಿ ಅಷ್ಟೆ. ಒಮ್ಮೆ ಸೋತವರು ಇನ್ನೊಮ್ಮೆ ಬಸ್ಸಿನ ಖರ್ಚು ಮಾಡಲಿಲ್ಲ. ಮುಂದಿನ ಸಾಲಿನಲ್ಲಿ ಅಪ್ಪ, ಮಗಳು, ನಡುವೆ ನೀಲಿ ಟ್ರಂಕು. ಬಾಗಿಲ ಹತ್ತಿರ ಬೀಡಿಯ ತಾಯಿ ಮತ್ತು ಅವರ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ. ಮಾಷ್ ಪಟ್ಟಿಯ ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ಗಟ್ಟಿಯಾಗಿ ಓದಿದರು. ತಾವು ತಿದ್ದಿದ್ದು ಎಂತ ಎಂದು ಹೇಳಿದರು. ತಪ್ಪೆಲ್ಲ ಒಂದೇ ಅಂಕಿಯಲ್ಲಿತ್ತು, ಆರಿಸಿದ ಸಂಖ್ಯೆಗೆ ಒಂದು ಕೂಡಿಸುವುದು, ಅಷ್ಟೇ.

ಒತ್ತಿದರು.

ಬಂದ ಹೆಸರು ಟ್ರಂಕಿನ ಹುಡುಗಿಯದಲ್ಲ. ಎರಡು ಜಡೆಯ ಹುಡುಗಿಯದೂ ಅಲ್ಲ. ಹದಿನೇಳೋ ಹದಿನೆಂಟೋ ನಂಬರಿನ ಯಾವುದೋ ಹುಡುಗಿ. ಅವಳ ಮನೆಯಿಂದ ಯಾರೂ ಬಂದಿರಲಿಲ್ಲ. ಆ ಹಾಲಿನಲ್ಲಿ ಸಂತೋಷಪಡಲಿಕ್ಕೆ ಒಬ್ಬರೂ ಇರಲಿಲ್ಲ.

"ನಿಮ್ಮ ಮಿಶಿನಿಗೆ ಒಂದೇ ವಾರಕ್ಕೆ ನನ್ನ ಮಗಳ ಗುರ್ತ ಮರ್ತು ಹೋಯ್ತಾ?" ಎಂದರು ಅಪ್ಪ, ಕೂತಲ್ಲಿಂದಲೇ.

"ಅದಕ್ಕೆ ಯಾರ ಗುರ್ತವೂ ಇಲ್ಲ."

"ನಿಮಗೆ ಉಂಟಲ್ಲ? ನೀವು ಅವಳ ಮುಖ ನೋಡಿದ್ದೀರಲ್ಲ?"

ಮಗಳು ತಾನೇ ಟ್ರಂಕಿನ ಒಂದು ಹಿಡಿ ಎತ್ತಿದಳು. ಅಪ್ಪ ಇನ್ನೊಂದನ್ನು ಹಿಡಿದರು. ಖಾಲಿ ಟ್ರಂಕಲ್ಲ ಅದು, ಒಳಗೆ ಏನೇನೋ ಸದ್ದಾಗುತ್ತಿತ್ತು. ಗೇಟಿನವರೆಗೂ ಆ ಸದ್ದು ಕೇಳಿಸಿತು.

ಉಳಿದವರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಆ ತಾಯಿ ಮುಂದೆ ಬಂದರು. ಸಿಟ್ಟಿರಲಿಲ್ಲ ಅವರಲ್ಲಿ.

"ಮಾಷ್ಟ್ರೇ, ಈ ಸಲವಾದ್ರೂ ಇವಳ ಹೆಸರು ಒಳಗೆ ಇತ್ತಾ?"

"ಇತ್ತಮ್ಮ."

"ಹೋದ ಸಲವೂ ಉಂಟು ಅಂತಲೇ ಹೇಳಿದ್ದಿರಿ."

ಹೇಳಿದ್ದು ಹೌದು. ಅವರು ಕೇಳಿದ್ದು ಚುಚ್ಚಲಿಕ್ಕೆ ಅಲ್ಲ, ನಿಜಕ್ಕೂ ತಿಳಿಯಲಿಕ್ಕೆ. ಮಾಷ್‌ರ ಮುಖ ಕೆಂಪಾಯಿತು. "ಬನ್ನಿ, ತೋರಿಸ್ತೇನೆ," ಎಂದರು.

ಅವರನ್ನು ಕಂಪ್ಯೂಟರಿನ ಒಂದು ಬದಿಗೆ, ಹುಡುಗಿಯನ್ನು ಇನ್ನೊಂದು ಬದಿಗೆ ನಿಲ್ಲಿಸಿ ಕೀ ಒತ್ತಲು ಶುರು ಮಾಡಿದರು. ತಾಯಿಗೆ ಓದು ಬರುತ್ತಿರಲಿಲ್ಲ. ಹುಡುಗಿ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿದಳು, ಕ್ಲಾಸಿನಲ್ಲಿ ಓದುವ ಹಾಗೆ, ಪೂರ್ಣವಿರಾಮ ಕೊಟ್ಟು. ಹತ್ತಾಯಿತು. ಇಪ್ಪತ್ತಾಯಿತು. ಕೆಲವು ಹೆಸರು ಎರಡು ಸಲ, ಮೂರು ಸಲ ಬಂದವು. ಮಾಷ್ ಒತ್ತುತ್ತಲೇ ಹೋದರು. ಸ್ಟಾಪ್ ಇಟ್, ಮಾಷೇ, ಎಂದು ನನ್ನ ನಾಲಗೆಯ ತುದಿಯವರೆಗೆ ಬಂತು. ಆದರೆ ಇಲ್ಲಿ ನಿಲ್ಲಿಸಿದರೆ ಆ ಹೆಸರು ಒಳಗೆ ಇರಲೇ ಇಲ್ಲ ಎಂದಾಗುತ್ತಿತ್ತು. ಮೂವತ್ತು ದಾಟಿ ಎಷ್ಟೋ ಆದ ಮೇಲೆ ಹುಡುಗಿ ಓದಲಿಲ್ಲ.

"ಎಂತ? ಓದು," ಎಂದರು ತಾಯಿ.

"ನನ್ನದು."

"ಎಂತ ನಿನ್ನದು?"

"ನನ್ನ ಹೆಸ್ರು ಅಮ್ಮ."

ಆ ತಾಯಿಯ ಮುಖ ಅರಳಿದ್ದನ್ನು ನಾನು ನೋಡಿದೆ. ನೋಡಬಾರದಿತ್ತು. "ಬಂತಾ! ಮಾಷ್ಟ್ರೇ, ಬಂತಲ್ಲ!"

"ಅಮ್ಮ, ಇದು... ಇದು ತೋರಿಸ್ಲಿಕ್ಕೆ ಮಾತ್ರ."

"ಬಂದದ್ದು ಬಂದದ್ದೇ ಅಲ್ವಾ? ಅದೇ ಮಿಶಿನು, ಒತ್ತಿದ್ದೂ ನೀವೇ. ಆಗ ಬಂದದ್ದಕ್ಕೆ ಹಾಸಿಗೆ ಉಂಟು, ಈಗ ಬಂದದ್ದಕ್ಕೆ ಇಲ್ವಾ?"

"ಅಮ್ಮ, ಮೊದಲು ಬಂದದ್ದು ಮಾತ್ರ. ಹೋಗುವ," ಎಂದು ಹುಡುಗಿ ಅವರ ಕೈ ಎಳೆದಳು.

"ನೀನು ಸುಮ್ಮನೆ ನಿಲ್ಲು. ಟೀಚರೇ, ನೀವಾದ್ರೂ ಹೇಳಿ."

ಇಂಗ್ಲಿಷಿನಲ್ಲಿ ನನಗೆ ನೂರು ವಾಕ್ಯ ಗೊತ್ತಿತ್ತು. "ಅವಳು ಹೇಳಿದ್ದೇ ಸರಿ ಅಮ್ಮ," ಎಂದೆ. ತೀರ್ಪು ಕೊಡುವ ಕೆಲಸವನ್ನು ಆ ಹನ್ನೆರಡು ವರ್ಷದ ಹುಡುಗಿಯ ಹೆಗಲಿಗೇ ಹಾಕಿದೆ.

ಅವರು ಹೋದರು. ಹುಡುಗಿ ಮುಂದೆ, ತಾಯಿ ಹಿಂದೆ. ತಾಯಿ ಎರಡು ಸಲ ತಿರುಗಿ ನೋಡಿದರು, ಹುಡುಗಿ ತಿರುಗಲಿಲ್ಲ. ಮುಂದೆ ಅವಳು ಓದಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ವಿಳಾಸ ರಿಜಿಸ್ಟರಿನಲ್ಲಿಯೇ ಇತ್ತು. ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ.

ಮಾಷ್ ಎದ್ದಿರಲಿಲ್ಲ.

"ತೋರಿಸ್ಬಾರ್ದಿತ್ತಾ ಟೀಚರ್?" ಎಂದು ಕೇಳಿದರು. "ಸುಳ್ಳು ಅಂತ ತಿಳ್ಕೊಂಡೇ ಹೋಗ್ತಾರಲ್ಲ ಅಂತ ತೋರಿಸಿದೆ."

ಆಮೇಲೂ ನಾವು ಒಂದೇ ಶಾಲೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆವು. ಅವರು ಅದನ್ನು ಇನ್ನೊಮ್ಮೆ ಕೇಳಲಿಲ್ಲ, ನಾನು ಉತ್ತರ ಹುಡುಕುತ್ತಲೇ ಇದ್ದೆ. ಅವತ್ತು ಮಾತ್ರ ಅವರ ಪಕ್ಕದ ಸ್ಟೂಲಿನಲ್ಲಿ ಕೂತೆ. ಆ ಹುಡುಗಿಯ ಹೆಸರು ಪರದೆಯ ಮೇಲೆ ಹಾಗೆಯೇ ಇತ್ತು. ಮುಂದಿನ ಹೆಸರು ಬರಬೇಕಾದರೆ ಒಂದು ಕೀ ಒತ್ತಿದರೆ ಸಾಕು. ಅವರೂ ಒತ್ತಲಿಲ್ಲ, ನಾನೂ ಒತ್ತಲಿಲ್ಲ.